ಈದ ಕುದುರೆ ಮತ್ತು ಅದರ ಮರಿ

ಕುದುರೆಯೆಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ರಣರಂಗ, ಇಲ್ಲವೇ ಪಂದ್ಯದ ಬಯಲು. 1918ನೆಯ ಇಸವಿಯ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದುಕೊಂಡ ಅಶ್ವದಳಗಳಲ್ಲಿ ಮೈಸೂರಿನ ಲ್ಯಾನ್ಸರ್ಸ್ ದಳವೂ ಇದ್ದಿತೆಂಬುದನ್ನು ಹೆಮ್ಮೆಯಿಂದ ನೆನೆಯುತ್ತೇವೆ. ಕುಣಿಗಲಿನ ಕುದುರೆ ಫಾರಮ್ಮಿನ ಚರಿತ್ರೆ ಟಿಪ್ಪು ಸುಲ್ತಾನನ ಕಾಲದವರೆಗೂ ಹೋಗುತ್ತದೆಂದು ಹೇಳಿಕೊಳ್ಳುತ್ತೇವೆ. ದಸರೆಯ ಮೆರವಣಿಗೆಯಲ್ಲಿ ಅಶ್ವಾರೋಹಿಗಳು ಸಾಗುವಾಗ ಹೆಗಲ ಮೇಲಿನ ಮಕ್ಕಳಿಗೆ ಬೆರಳೆತ್ತಿ ತೋರಿಸುತ್ತೇವೆ. ಆದರೆ ಆ ಕುದುರೆಗಳೆಲ್ಲವೂ ಒಂದಾನೊಂದು ಇರುಳು ನಡುಗುವ ಕಾಲುಗಳ ಮೇಲೆ ನಿಂತು ತಾಯ ಕೆಚ್ಚಲನ್ನು ತಡಕಿದ ಮರಿಗಳೇ ಎಂಬುದನ್ನು ನೆನೆಯುವವರು ವಿರಳ. ಗೆದ್ದ ಕುದುರೆಗೆ ಹೆಸರುಂಟು. ಅದನ್ನು ಹಾಲೂಡಿ ಬೆಳೆಸಿದ ತಾಯಿಗೆ ಹೆಸರಿಲ್ಲ. ಈ ಹೊತ್ತು ನಾವು ಆ ತಾಯಿಯ ಮತ್ತು ಅದರ ಮರಿಯ ಆರೈಕೆಯ ವಿಚಾರವಾಗಿ ನಾಲ್ಕು ಮಾತುಗಳನ್ನಾಡಬೇಕೆಂದಿದ್ದೇವೆ.

ಶ್ರೋತೃಗಳಲ್ಲಿ ಬಹುಮಂದಿ ಪಟ್ಟಣವಾಸಿಗಳು. ಮನೆಯಲ್ಲಿ ಕುದುರೆ ಕಟ್ಟಿದವರು ನೂರಕ್ಕೆ ಒಬ್ಬರೂ ಇರಲಾರರು. ನಮಗೇಕೆ ಈ ವಿಷಯವೆಂದು ಅವರು ಕೇಳಬಹುದು. ಹೇಳುತ್ತಿರುವ ನಾವೂ ಪಶುವೈದ್ಯರಲ್ಲ, ಕಾಲೇಜಿನಲ್ಲಿ ಪಾಠ ಹೇಳುವವರು. ಆದರೂ ಈ ವಿಷಯಕ್ಕೆ ನಮ್ಮೆಲ್ಲರ ಸಂಬಂಧವಿದೆ. ಇಂದು ನಮ್ಮ ನಾಡಿನಲ್ಲಿ ಹೆಣ್ಣು ಕುದುರೆಯನ್ನು ಸಾಕುವವರು ಎರಡು ತರದವರು. ಪಂದ್ಯದ ಕುದುರೆಗಳ ತಳಿ ಬೆಳೆಸುವ ಫಾರಮ್ಮುಗಳು ಒಂದು ತರ. ಅಲ್ಲಿ ವೈದ್ಯರುಂಟು, ಆಳುಗಳುಂಟು, ರಾತ್ರಿಯ ಕಾವಲೂ ಉಂಟು. ಇನ್ನೊಂದು ತರದವರು ಟಾಂಗಾ ಹೊಡೆಯುವವರು, ಯಾತ್ರಿಕರ ಮಕ್ಕಳನ್ನು ಕುದುರೆಯ ಮೇಲೆ ಕೂರಿಸಿ ನಾಲ್ಕು ಹೆಜ್ಜೆ ನಡೆಸುವವರು, ಮದುವೆಯ ದಿಬ್ಬಣಕ್ಕೆ ಕುದುರೆಯನ್ನು ಬಾಡಿಗೆಗೆ ಕೊಡುವವರು. ಮೈಸೂರಿನಲ್ಲಿ ಅರಮನೆಯ ಸುತ್ತಮುತ್ತ ಟಾಂಗಾಗಳು ಇಂದಿಗೂ ಓಡಾಡುತ್ತಿವೆ. ಇವರ ಕುದುರೆಯೂ ಗಬ್ಬವಾಗುತ್ತದೆ, ಈಯುತ್ತದೆ. ಆದರೆ ಇವರ ಬಳಿ ಬಿಡುವೂ ಇಲ್ಲ, ಹಣವೂ ಇಲ್ಲ. ಇವರ ಬಂಡಿಯಲ್ಲಿ ಕೂರುವವರು ನಾವು.

ಈ ವಿದ್ಯೆ ನಮಗೆ ಹೊಸದಲ್ಲ. ದೇವತೆಗಳ ವೈದ್ಯರಾದ ಅಶ್ವಿನೀದೇವತೆಗಳು ಹೆಣ್ಣು ಕುದುರೆಯ ರೂಪ ತಾಳಿದ್ದ ಸಂಜ್ಞಾದೇವಿಯ ಮಕ್ಕಳೆಂದು ಪುರಾಣ ಹೇಳುತ್ತದೆ. ಅವರ ಅಂಶದಿಂದ ಹುಟ್ಟಿದ ನಕುಲನು ವಿರಾಟರಾಯನಲ್ಲಿ ಗ್ರಂಥಿಕನೆಂಬ ಹೆಸರಿನಿಂದ ಕುದುರೆಗಳ ಪಾಲನೆಗೆ ನಿಂತನು. ಶಾಲಿಹೋತ್ರನ ಹೆಸರೇ ಹಿಂದೂಸ್ಥಾನಿಯಲ್ಲಿ ಸಾಲೋತ್ರಿ, ಅಂದರೆ ಕುದುರೆಯ ವೈದ್ಯ, ಎಂಬ ಮಾತಾಯಿತು. ಕನ್ನಡದಲ್ಲಿಯೂ ಕೀರ್ತಿವರ್ಮನು ಗೋವೈದ್ಯವನ್ನು, ಅಭಿನವಚಂದ್ರನು ಅಶ್ವವೈದ್ಯವನ್ನು ಬರೆದರು. ಗ್ರೀಕರಲ್ಲಿ ಕ್ಸೆನೊಫೋನನು ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿಯೇ ಅಶ್ವವಿದ್ಯೆಯ ಮೇಲೆ ಒಂದು ಗ್ರಂಥವನ್ನು ರಚಿಸಿದನು. ಪ್ರಾಚೀನರು ಕಣ್ಣಿನಿಂದ ಕಂಡು ಹೇಳಿದುದಕ್ಕೆ ಕಾರಣವನ್ನು ಇಂದಿನ ವಿಜ್ಞಾನ ಒದಗಿಸಿದೆ. ಆ ಕಾರಣವನ್ನು ಅರಿತರೆ ಮುಂದಿನ ವಿಧಿಗಳೆಲ್ಲವೂ ತಾವಾಗಿಯೇ ತಿಳಿಯುತ್ತವೆ.

ಹೆಣ್ಣು ಕುದುರೆ ಸುಮಾರು ಹನ್ನೊಂದು ತಿಂಗಳು, ಎಂದರೆ ಸರಾಸರಿ 340 ದಿನ, ಗರ್ಭವನ್ನು ಹೊರುತ್ತದೆ. ಕೆಲವು ದಿನ ಹಿಂದುಮುಂದಾಗುವುದು ಸಹಜ. ದಿನ ಸಮೀಪಿಸಿದಂತೆ ಕೆಚ್ಚಲು ತುಂಬುತ್ತದೆ. ಈಯುವುದಕ್ಕೆ ಒಂದೆರಡು ದಿನಗಳ ಮುಂಚೆ ಮೊಲೆಯ ತುದಿಯಲ್ಲಿ ಮೇಣದಂತಹ ಹನಿ ಕಟ್ಟಿಕೊಳ್ಳುವುದುಂಟು. ಆ ವೇಳೆಗೆ ತಾಯಿಗೆ ಗಾಳಿ ಬೆಳಕುಳ್ಳ, ಒಣ ಹುಲ್ಲನ್ನು ದಪ್ಪವಾಗಿ ಹಾಸಿದ, ಕಟ್ಟಿಹಾಕದೆ ತಿರುಗಾಡಲು ಬಿಡಬಹುದಾದಷ್ಟು ವಿಶಾಲವಾದ ಸ್ಥಳವನ್ನು ಸಿದ್ಧಮಾಡಿರತಕ್ಕದ್ದು. ಕುದುರೆ ಬಹುಮಟ್ಟಿಗೆ ಈಯುವುದು ರಾತ್ರಿಯ ನೀರವದಲ್ಲಿ. ಗದ್ದಲವಾದರೆ, ಜನ ಸುತ್ತುಗಟ್ಟಿ ನಿಂತರೆ, ಅದು ಹೆರಿಗೆಯನ್ನು ತಡೆದುಕೊಳ್ಳಬಲ್ಲುದು. ಆದುದರಿಂದ ಕಾವಲಿರಬೇಕು, ಆದರೆ ಮರೆಯಲ್ಲಿ ಇರಬೇಕು. ನೀರೊಡೆದ ಮೇಲೆ ಮರಿ ಇಪ್ಪತ್ತು ಮೂವತ್ತು ನಿಮಿಷಗಳೊಳಗೆ ಭೂಮಿಗೆ ಬರುತ್ತದೆ. ಹಸುವಿನಂತೆ ಗಂಟೆಗಟ್ಟಲೆ ಕಾಯುವ ಪ್ರಾಣಿಯಲ್ಲ ಇದು. ಅರ್ಧ ಗಂಟೆ ಮೀರಿದರೆ, ಅಥವಾ ಬಿಳುಪಾದ ಪೊರೆಗೆ ಬದಲು ಕೆಂಪು ಮಖಮಲ್ಲಿನಂತಹ ಚೀಲ ಮೊದಲು ಕಾಣಿಸಿಕೊಂಡರೆ, ಅದು ಪ್ರಾಣಾಪಾಯ. ಆ ಕೆಂಪು ಚೀಲ ಕಂಡಾಗ ವೈದ್ಯರಿಗೆ ಕರೆಹೋಗುತ್ತಿರುವಾಗಲೇ ಅಲ್ಲಿದ್ದವರು ಅದನ್ನು ಹರಿದು ಮರಿಗೆ ಉಸಿರಾಡಲು ಎಡೆಮಾಡಿಕೊಡಬೇಕು.

ಮರಿ ಹುಟ್ಟಿದ ಮೇಲೆ ನೆನಪಿಡಬೇಕಾದ ಲೆಕ್ಕ ಬಹು ಸುಲಭ: ಒಂದು, ಎರಡು, ಮೂರು. ಒಂದು ಗಂಟೆಯೊಳಗೆ ಮರಿ ಎದ್ದು ನಿಲ್ಲಬೇಕು. ಎರಡು ಗಂಟೆಯೊಳಗೆ ಹಾಲು ಕುಡಿಯಬೇಕು. ಮೂರು ಗಂಟೆಯೊಳಗೆ ತಾಯಿಯ ಮಾಸು ಬೀಳಬೇಕು. ಈ ಮೂರರಲ್ಲಿ ಯಾವುದು ತಪ್ಪಿದರೂ ಬೆಳಗಾಗಲೆಂದು ಕಾಯದೆ ಪಶುವೈದ್ಯರನ್ನು ಕರೆಸತಕ್ಕದ್ದು. ಮಾಸಿನ ವಿಚಾರದಲ್ಲಿ ಜನರು ಹಸುವಿನ ಅನುಭವವನ್ನು ಕುದುರೆಗೂ ಅನ್ವಯಿಸುತ್ತಾರೆ. ಹಸುವಿಗೆ ಒಂದು ದಿನ ತಡವಾದರೂ ಎಷ್ಟೋ ಸಲ ನಡೆದುಹೋಗುತ್ತದೆ. ಕುದುರೆಯಲ್ಲಾದರೋ ಒಳಗೆ ಉಳಿದ ಒಂದು ತುಂಡಿನಿಂದಲೇ ರಕ್ತಕ್ಕೆ ವಿಷವೇರಿ, ಜ್ವರ ಬಂದು, ಗೊರಸುಗಳೊಳಗೆ ಉರಿಯೂತವುಂಟಾಗಿ, ತಾಯಿ ನಿಲ್ಲಲಾರದಂತಾಗಬಹುದು. ಹಾಗೆಂದು ಜೋತುಬಿದ್ದ ಮಾಸನ್ನು ಕೈಯಿಂದ ಎಳೆಯಲೂ ಕೂಡದು; ತಾಯಿ ಅದನ್ನು ತುಳಿಯದಂತೆ ಮೇಲಕ್ಕೆ ಗಂಟುಹಾಕಿ ಬಿಡಬೇಕು. ಬಿದ್ದ ಮಾಸನ್ನು ಎಸೆಯದೆ ನೀರಿನ ಬಕೆಟ್ಟಿನಲ್ಲಿ ಇಟ್ಟಿದ್ದು ವೈದ್ಯರಿಗೆ ತೋರಿಸಿದರೆ, ಪೂರ್ತಿಯಾಗಿ ಬಿದ್ದಿದೆಯೇ ಎಂಬುದನ್ನು ಅವರು ನೋಡಿ ಹೇಳುತ್ತಾರೆ.

ಇನ್ನು ಈ ಭಾಷಣದ ಮುಖ್ಯ ವಿಷಯಕ್ಕೆ ಬರುತ್ತೇವೆ. ಮನುಷ್ಯನ ಶಿಶು ಗರ್ಭದಲ್ಲಿರುವಾಗಲೇ ತಾಯಿಯ ರಕ್ತದಿಂದ ರೋಗನಿರೋಧಕ ವಸ್ತುಗಳ ಒಂದು ಪಾಲನ್ನು ಪಡೆದುಕೊಂಡು ಹುಟ್ಟುತ್ತದೆ. ಕುದುರೆಯ ಮರಿಗೆ ಆ ಭಾಗ್ಯವಿಲ್ಲ. ತಾಯಿಯ ರಕ್ತಕ್ಕೂ ಮರಿಯ ರಕ್ತಕ್ಕೂ ನಡುವೆ ಮಾಸಿನ ಪದರಗಳು ಹೆಚ್ಚಾಗಿರುವುದರಿಂದ ಆ ವಸ್ತುಗಳು ಈಚೆಗೆ ದಾಟಲಾರವು. ಎಂದ ಮೇಲೆ ಮರಿ ಈ ಲೋಕಕ್ಕೆ ಬರುವುದು ಕವಚವಿಲ್ಲದ ಯೋಧನಂತೆ. ಆ ಕವಚ ಅದಕ್ಕೆ ದೊರೆಯುವುದು ತಾಯಿಯ ಮೊದಲ ಹಾಲಿನಲ್ಲಿ, ನಾವು ಗಿಣ್ಣಿನ ಹಾಲೆಂದು ಕರೆಯುವ ಆ ದಪ್ಪನೆಯ, ಹಳದಿ ಛಾಯೆಯ ಹಾಲಿನಲ್ಲಿ. ಹಸು ಈದ ಮನೆಯಿಂದ ಗಿಣ್ಣು ಬಂದರೆ ಬೆಲ್ಲ ಏಲಕ್ಕಿ ಹಾಕಿ ಬೇಯಿಸಿ ತಿನ್ನುವ ನಮಗೆ ಅದೊಂದು ರುಚಿ. ಮರಿಗೆ ಅದು ಪ್ರಾಣ.

ಇದಕ್ಕೊಂದು ಗಡುವೂ ಉಂಟು. ಹುಟ್ಟಿದ ಮೊದಲ ಕೆಲವು ಗಂಟೆಗಳಲ್ಲಿ ಮಾತ್ರ ಮರಿಯ ಕರುಳು ಈ ನಿರೋಧಕ ವಸ್ತುಗಳನ್ನು ಜೀರ್ಣಿಸದೆ ಇಡಿಯಾಗಿ ರಕ್ತಕ್ಕೆ ಸಾಗಿಸಬಲ್ಲುದು. ಗಂಟೆ ಗಂಟೆಗೂ ಆ ಶಕ್ತಿ ಕುಗ್ಗುತ್ತದೆ. ಹನ್ನೆರಡು ಗಂಟೆಗಳ ಹೊತ್ತಿಗೆ ಬಹಳ ಕಡಿಮೆಯಾಗಿ, ಒಂದು ದಿನ ತುಂಬುವಷ್ಟರಲ್ಲಿ ಬಾಗಿಲು ಮುಚ್ಚಿಯೇ ಹೋಗುತ್ತದೆ. ಅನಂತರ ಎಷ್ಟು ಗಿಣ್ಣಿನ ಹಾಲು ಕುಡಿಸಿದರೂ ಅದು ಹೊಟ್ಟೆಗೆ ಆಹಾರವಾಗುವುದೇ ಹೊರತು ಕವಚವಾಗಲಾರದು. ಆದುದರಿಂದ ಮೊದಲ ಆರೆಂಟು ಗಂಟೆಗಳಲ್ಲಿ ಮರಿಗೆ ಒಂದೆರಡು ಲೀಟರಿನಷ್ಟು ಮೊದಲ ಹಾಲು ಸೇರಿರಬೇಕು. ಮರಿ ದುರ್ಬಲವಾಗಿ ತಾನೇ ಕುಡಿಯಲಾರದಿದ್ದರೆ ಹಾಲನ್ನು ಶುದ್ಧವಾದ ಪಾತ್ರೆಗೆ ಕರೆದು, ಸೀಸೆಯಿಂದ ಮೆಲ್ಲಮೆಲ್ಲನೆ ಕುಡಿಸಬೇಕು. ಚೀಪುವ ಶಕ್ತಿಯೇ ಇಲ್ಲದ ಮರಿಗೆ ಬಾಯಲ್ಲಿ ಸುರಿದರೆ ಹಾಲು ಶ್ವಾಸಕೋಶಕ್ಕಿಳಿಯುತ್ತದೆ. ಆ ಕೆಲಸವನ್ನು ವೈದ್ಯರು ನಳಿಗೆಯ ಮೂಲಕ ಮಾಡಬೇಕು. ಕೆಲವು ತಾಯಿಗಳಿಗೆ ಈಯುವುದಕ್ಕೆ ದಿನಗಳ ಮುಂಚೆಯೇ ಹಾಲು ಸೋರಿಹೋಗುತ್ತದೆ. ನೋಡುವವರಿಗೆ ಅದು ಸಮೃದ್ಧಿಯಂತೆ ತೋರಿದರೂ ನಿಜವಾಗಿ ನಷ್ಟ. ಮರಿಯ ಪಾಲಿನ ಕವಚವೇ ಮಣ್ಣಿಗೆ ಬಿದ್ದಂತೆ. ಹಾಗಾದಾಗ ಮುಂಚಿತವಾಗಿ ವೈದ್ಯರಿಗೆ ತಿಳಿಸಿದರೆ ಬೇರೆ ಕುದುರೆಯ ಮೊದಲ ಹಾಲನ್ನು, ಅಥವಾ ಗಡುವು ಮೀರಿದ್ದರೆ ರಕ್ತದ್ರವವನ್ನು ನಾಳದ ಮೂಲಕ ಕೊಡುವ ಉಪಾಯವುಂಟು. ಮರಿಯ ರಕ್ತವನ್ನು ಪರೀಕ್ಷಿಸಿ ಕವಚ ದೊರೆತಿದೆಯೇ ಇಲ್ಲವೇ ಎಂದು ಹೇಳುವುದೂ ಇಂದು ಸಾಧ್ಯವಾಗಿದೆ.

ಮೊದಲ ದಿನದ ಇತರ ಕರ್ತವ್ಯಗಳು ಅಲ್ಪವಾಗಿ ತೋರಿದರೂ ಅಲ್ಪವಲ್ಲ. ಹೊಕ್ಕುಳ ಬಳ್ಳಿಯನ್ನು ಕತ್ತರಿಸಲು ಅವಸರ ಪಡಬಾರದು. ತಾಯಿ ಮೇಲೆದ್ದಾಗ ಅದು ತಾನಾಗಿಯೇ ಹರಿಯುತ್ತದೆ. ಹರಿದ ತುದಿಯನ್ನು ವೈದ್ಯರು ಹೇಳಿದ ಸೌಮ್ಯವಾದ ಕ್ರಿಮಿನಾಶಕ ದ್ರವದಲ್ಲಿ ದಿನಕ್ಕೆ ಎರಡು ಮೂರು ಸಲ ಅದ್ದಬೇಕು. ತೀಕ್ಷ್ಣವಾದ ಔಷಧ ಚರ್ಮವನ್ನು ಸುಡುತ್ತದೆ; ಸಗಣಿ ಬೂದಿಗಳನ್ನು ಮೆತ್ತುವುದಂತೂ ಧನುರ್ವಾಯುವನ್ನು ಕರೆದಂತೆ. ಪ್ರಾಣಿಗಳಲ್ಲೆಲ್ಲ ಕುದುರೆ ಆ ರೋಗಕ್ಕೆ ಬಹು ಸುಲಭವಾಗಿ ತುತ್ತಾಗುವಂಥದು. ಈಯುವುದಕ್ಕೆ ನಾಲ್ಕರಿಂದ ಆರು ವಾರಗಳ ಮುಂಚೆ ತಾಯಿಗೆ ಧನುರ್ವಾಯುವಿನ ಲಸಿಕೆ ಹಾಕಿಸಿದರೆ ಅದರ ಫಲ ಮೊದಲ ಹಾಲಿನ ಮೂಲಕ ಮರಿಗೂ ಸೇರುತ್ತದೆ. ಹುಟ್ಟಿದ ಮರಿ ಹಾಲು ಕುಡಿದ ಮೇಲೆ ಕಪ್ಪಾದ ಅಂಟುಮಲವನ್ನು ವಿಸರ್ಜಿಸುತ್ತದೆ. ದಿನ ಕಳೆಯುವುದರೊಳಗೆ ಅದು ಹೊರಬೀಳದೆ, ಮರಿ ಬಾಲವೆತ್ತಿ ತಿಣುಕುತ್ತಿದ್ದರೆ ಮಲಬದ್ಧತೆಯಾಗಿದೆಯೆಂದು ತಿಳಿಯಬೇಕು.

ಮರಿಯ ಆರೋಗ್ಯವನ್ನು ತಿಳಿಯಲು ಮರಿಯನ್ನು ಮಾತ್ರ ನೋಡಿದರೆ ಸಾಲದು, ತಾಯಿಯ ಕೆಚ್ಚಲನ್ನು ನೋಡಬೇಕು. ಕೆಚ್ಚಲು ಬಿಗಿದುಕೊಂಡು ಹಾಲು ತೊಟ್ಟಿಕ್ಕುತ್ತಿದ್ದರೆ ಮರಿ ಕುಡಿಯುತ್ತಿಲ್ಲವೆಂದು ಅರ್ಥ. ಕೆಚ್ಚಲ ಕೆಳಗೆ ನಿಂತೂ ಚೀಪಲಾರದ ಮರಿಯ ಹಣೆ ಮೋರೆಗಳ ಮೇಲೆ ಹಾಲು ಒಣಗಿ ಅಂಟಿರುತ್ತದೆ. ಜ್ವರ ಕಾಣಿಸುವುದಕ್ಕೂ ಮುಂಚೆ ಕಾಣಿಸುವ ರೋಗದ ಗುರುತು ಇದು. ಮರಿಯ ಮೈಶಾಖ ಫ್ಯಾರನ್‌ಹೀಟಿನ 99ರಿಂದ 102 ಡಿಗ್ರಿಗಳೊಳಗಿರುವುದು ಸಹಜ. ಅದಕ್ಕೆ ಮೀರಿದರೂ, ಕೀಲು ಊದಿಕೊಂಡು ಮರಿ ಕುಂಟಿದರೂ, ತಡಮಾಡದೆ ಚಿಕಿತ್ಸೆ ನಡೆಯಬೇಕು. ತಾಯಿ ತುಳಿದಿರಬೇಕೆಂದು ಸಮಾಧಾನ ಹೇಳಿಕೊಳ್ಳುವುದರಿಂದ ಎಷ್ಟೋ ಮರಿಗಳ ಕೀಲುಗಳು ಶಾಶ್ವತವಾಗಿ ಕೆಟ್ಟುಹೋಗುತ್ತವೆ. ಏಳರಿಂದ ಹತ್ತು ದಿನಗಳ ಹೊತ್ತಿಗೆ ಮರಿಗೆ ತೆಳುವಾದ ಭೇದಿಯಾಗುವುದು ಸಾಮಾನ್ಯ. ಮರಿ ಚುರುಕಾಗಿದ್ದು ಹಾಲು ಕುಡಿಯುತ್ತಿದ್ದರೆ ಅದು ತಾನೇ ನಿಲ್ಲುತ್ತದೆ. ಮರಿ ತಾಯಿಯ ಲದ್ದಿಯನ್ನು ಮುಕ್ಕುವುದನ್ನು ಕಂಡು ಗಾಬರಿಪಡಬೇಕಾದುದಿಲ್ಲ. ಹುಲ್ಲನ್ನು ಅರಗಿಸಿಕೊಳ್ಳಲು ಬೇಕಾದ ಸೂಕ್ಷ್ಮಜೀವಿಗಳನ್ನು ಅದು ಆ ಮೂಲಕ ಸಂಪಾದಿಸುತ್ತದೆಂದು ಬಲ್ಲವರು ಹೇಳುತ್ತಾರೆ.

ತಾಯಿಯ ಆಹಾರದ ವಿಚಾರಕ್ಕೆ ಬರೋಣ. ಐನೂರು ಕಿಲೋಗ್ರಾಂ ತೂಗುವ ಕುದುರೆ ಮೊದಲ ತಿಂಗಳುಗಳಲ್ಲಿ ದಿನಕ್ಕೆ ಹನ್ನೆರಡರಿಂದ ಹದಿನೈದು ಲೀಟರ್ ಹಾಲು ಕೊಡುತ್ತದೆ. ಕೆಚ್ಚಲು ಚಿಕ್ಕದು, ಮೊಲೆಗಳು ಎರಡೇ. ಆದಕಾರಣ ಹಾಲು ಒಟ್ಟಿಗೆ ನಿಲ್ಲುವುದಿಲ್ಲ. ಮೊದಲ ವಾರದಲ್ಲಿ ಮರಿ ಗಂಟೆಗೆ ನಾಲ್ಕಾರು ಸಲ ಕುಡಿಯುತ್ತದೆ. ಹೀಗೆ ಕುಡಿದು ದಿನಕ್ಕೆ ಒಂದು ಕಿಲೋಗ್ರಾಮಿಗೂ ಮೇಲೆ ತೂಕವೇರುತ್ತದೆ. ಇಷ್ಟೂ ಬರುವುದು ತಾಯಿಯ ಮೈಯಿಂದ. ಕೆಲಸವಿಲ್ಲದೆ ನಿಂತ ಕುದುರೆಗೆ ಬೇಕಾಗುವುದಕ್ಕಿಂತ ಹಾಲೂಡುವ ಕುದುರೆಗೆ ಮೊದಲ ತಿಂಗಳಲ್ಲಿ ಶಕ್ತಿ ಸುಮಾರು ಎರಡರಷ್ಟು, ಪ್ರೋಟೀನು ಸುಮಾರು ಎರಡೂವರೆಯಷ್ಟು, ಸುಣ್ಣದ ಅಂಶ ಸುಮಾರು ಮೂರರಷ್ಟು ಬೇಕು. ಕೊಡದಿದ್ದರೆ ತಾಯಿ ಹಾಲನ್ನು ಕೂಡಲೇ ನಿಲ್ಲಿಸುವುದಿಲ್ಲ. ತನ್ನ ಮಾಂಸವನ್ನೂ ಮೂಳೆಯನ್ನೂ ಕರಗಿಸಿ ಊಡುತ್ತದೆ. ಮರಿ ಗುಂಡಾಗಿದೆಯೆಂದು ನಾವು ಸಂತೋಷಪಡುತ್ತಿರುವಾಗ ತಾಯಿಯ ಪಕ್ಕೆಲುಬುಗಳು ಎದ್ದು ಕಾಣುತ್ತಿರುತ್ತವೆ.

ಆಹಾರದ ಬುಡ ಒಳ್ಳೆಯ ಹುಲ್ಲು. ಒಣಮೇವಿನ ಲೆಕ್ಕದಲ್ಲಿ ತಾಯಿಯ ತೂಕದ ನೂರಕ್ಕೆ ಎರಡೂವರೆಯಿಂದ ಮೂರು ಭಾಗ ಆಹಾರ ಬೇಕಾಗುತ್ತದೆ. ಅದರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಹುಲ್ಲಾಗಿರಬೇಕು. ನಮ್ಮ ಗರಿಕೆ ಹುಲ್ಲು ಕುದುರೆಗೆ ಬಹಳ ಪ್ರಿಯ. ಕುದುರೆ ಮಸಾಲೆ ಸೊಪ್ಪಿನಲ್ಲಿ ಪ್ರೋಟೀನೂ ಸುಣ್ಣದ ಅಂಶವೂ ವಿಶೇಷವಾಗಿರುವುದರಿಂದ ಹಾಲೂಡುವ ತಾಯಿಗೆ ಅದಕ್ಕಿಂತ ಮೇಲಾದ ಮೇವು ದುರ್ಲಭ. ಬೇಯಿಸಿದ ಹುರುಳಿ ನಮ್ಮ ಸೀಮೆಯ ಹಳೆಯ ಪದ್ಧತಿ, ಅದು ಒಳ್ಳೆಯದೇ. ಆದರೆ ಗೋಧಿಯ ಬೂಸವನ್ನೇ ನಂಬಿ ಅದನ್ನೇ ಸುರಿಯುವುದು ತಪ್ಪು. ಬೂಸದಲ್ಲಿ ರಂಜಕ ಹೆಚ್ಚು, ಸುಣ್ಣ ಕಡಿಮೆ. ಆ ಅಸಮತೆಯಿಂದ ಮೂಳೆ ಸವೆಯುತ್ತದೆ. ಧಾನ್ಯವನ್ನು ಒಂದೇ ಹೊತ್ತಿಗೆ ಎರಡು ಕಿಲೋಗ್ರಾಮಿಗಿಂತ ಹೆಚ್ಚು ಕೊಡಕೂಡದು, ಮೇವನ್ನು ಒಮ್ಮೆಲೇ ಬದಲಾಯಿಸಕೂಡದು. ಮಾಡಿದರೆ ಹೊಟ್ಟೆನೋವು ಬಂದು ಪ್ರಾಣಕ್ಕೇ ಮುಳುವಾಗಬಹುದು. ಉಪ್ಪಿನ ಗಡ್ಡೆ ಸದಾ ಬಾಯಿಗೆಟಕುವಂತಿರಲಿ. ಎಲ್ಲಕ್ಕೂ ಮಿಗಿಲಾಗಿ ನೀರು: ಹಾಲೂಡುವ ದೊಡ್ಡ ಕುದುರೆ ದಿನಕ್ಕೆ ಐವತ್ತು ಲೀಟರಿಗೂ ಮೇಲೆ ಕುಡಿಯುತ್ತದೆ, ಬೇಸಗೆಯಲ್ಲಿ ಇನ್ನೂ ಹೆಚ್ಚು. ಟಾಂಗಾದ ಕುದುರೆ ಇದಕ್ಕಿಂತ ಚಿಕ್ಕದು. ಈ ಲೆಕ್ಕಗಳನ್ನೆಲ್ಲ ಅದರ ತೂಕಕ್ಕೆ ತಕ್ಕಂತೆ ಇಳಿಸಿಕೊಳ್ಳಬೇಕು.

ತಾಯಿ ಸತ್ತ ಮರಿಯ ಪಾಡು ದಾರುಣವಾದರೂ ಕೈಬಿಡತಕ್ಕದ್ದಲ್ಲ. ಕುದುರೆಯ ಹಾಲು ತೆಳ್ಳನೆಯದು, ಸಿಹಿಯಾದುದು. ಅದರಲ್ಲಿ ಕೊಬ್ಬು ನೂರಕ್ಕೆ ಎರಡು ಭಾಗಕ್ಕೂ ಕಡಿಮೆ, ಸಕ್ಕರೆಯ ಅಂಶ ಆರಕ್ಕೂ ಮೇಲೆ. ಹಸುವಿನ ಹಾಲು ಇದಕ್ಕೆ ವಿರುದ್ಧ. ಎಮ್ಮೆಯ ಹಾಲಂತೂ ಕೊಡತಕ್ಕದ್ದೇ ಅಲ್ಲ. ಮರಿಗಾಗಿ ತಯಾರಿಸಿದ ಹಾಲಿನ ಪುಡಿ ದೊರೆಯದಿದ್ದರೆ, ಕೊಬ್ಬನ್ನು ನೂರಕ್ಕೆ ಎರಡು ಭಾಗಕ್ಕೆ ಇಳಿಸಿದ ಹಸುವಿನ ಹಾಲಿಗೆ ಲೀಟರಿಗೆ ಸುಮಾರು 20 ಗ್ರಾಂ ಗ್ಲೂಕೋಸನ್ನು ಬೆರಸಿ, ಮೊದಲ ದಿನಗಳಲ್ಲಿ ಒಂದೆರಡು ಗಂಟೆಗೊಮ್ಮೆ, ಹಗಲೂ ರಾತ್ರಿಯೂ, ಸ್ವಲ್ಪಸ್ವಲ್ಪವಾಗಿ ಕೊಡಬಹುದು. ಅಡಿಗೆಯ ಸಕ್ಕರೆಯನ್ನು ಎಳೆಯ ಮರಿ ಅರಗಿಸಿಕೊಳ್ಳಲಾರದು. ಮರಿ ಕಳೆದುಕೊಂಡ ಬೇರೊಂದು ತಾಯಿ ಸಿಕ್ಕಿ ಅದು ಒಪ್ಪಿಕೊಂಡರೆ ಅದಕ್ಕಿಂತ ಭಾಗ್ಯವಿಲ್ಲ. ಮನುಷ್ಯರ ನಡುವೆಯೇ ಮುದ್ದಾಗಿ ಬೆಳೆದ ಅನಾಥ ಮರಿ ಮುಂದೆ ತನ್ನ ಜಾತಿಯನ್ನರಿಯದೆ ಒರಟಾಗುವುದರಿಂದ, ಅದಕ್ಕೆ ಇನ್ನೊಂದು ಕುದುರೆಯ ಜೊತೆಯನ್ನು ಒದಗಿಸಬೇಕು.

ಇದೆಲ್ಲವೂ ಬಂಡಿಗೆ ಹೂಡುವ ಕುದುರೆಯ ಪಾಲಿಗೆ ಏನಾಗುತ್ತದೆಂಬುದನ್ನು ಶ್ರೋತೃಗಳು ಈಗ ತಾವೇ ಊಹಿಸಬಹುದು. ಗಂಟೆಗೆ ನಾಲ್ಕಾರು ಸಲ ಕುಡಿಯುವ ಮರಿಯನ್ನು ಲಾಯದಲ್ಲಿ ಕೂಡಿ ತಾಯಿಯನ್ನು ನಾಲ್ಕು ಗಂಟೆ ಬಾಡಿಗೆಗೆ ಹೂಡಿದರೆ ಮರಿಗೆ ಇಪ್ಪತ್ತು ಹೊತ್ತಿನ ಊಟ ತಪ್ಪಿತು. ತಾಯಿ ಮರಳಿದಾಗ ಹಸಿದ ಮರಿ ಒಂದೇ ಉಸಿರಿಗೆ ಕುಡಿದು ಹೊಟ್ಟೆ ಕೆಡಿಸಿಕೊಳ್ಳುತ್ತದೆ. ಹೊರಬೀಳದೆ ನಿಂತ ಹಾಲು ದಿನೇ ದಿನೇ ಕಡಿಮೆಯಾಗುತ್ತದೆ. ಮರಿಯನ್ನು ಜೊತೆಯಲ್ಲಿ ಓಡಿಸಿಕೊಂಡು ಹೋದರೆ ಟಾರು ರಸ್ತೆಯ ಮೇಲೆ ಮೋಟಾರುಗಳ ನಡುವೆ ಅದರ ಎಳೆಯ ಕಾಲುಗಳು ಉಳಿಯುವುದೆಂತು? ಇಂಗ್ಲೆಂಡಿನ ಆನ್ನಾ ಸ್ಯೂಯೆಲ್ ಎಂಬಾಕೆ 1877ರಲ್ಲಿ ಪ್ರಕಟಿಸಿದ ‘ಬ್ಲ್ಯಾಕ್ ಬ್ಯೂಟಿ’ ಎಂಬ ಕಥೆಯನ್ನು ನಮ್ಮ ವಿದ್ಯಾರ್ಥಿಗಳು ಬಲ್ಲರು. ಅಲ್ಲಿ ಕುದುರೆಯೇ ತನ್ನ ಕಥೆಯನ್ನು ಹೇಳುತ್ತದೆ. ತಾನು ಹುಲ್ಲು ತಿನ್ನಲು ಕಲಿತ ಮೇಲೆಯೇ ತಾಯಿ ಹಗಲು ಕೆಲಸಕ್ಕೆ ಹೋಗಿ ಸಂಜೆಗೆ ಬರುತ್ತಿತ್ತೆಂದು ಆರಂಭದಲ್ಲಿಯೇ ತಿಳಿಸುತ್ತದೆ. ಆ ಲೇಖಕಿ ಅಲ್ಲಿ ಒಂದು ಶಾಸ್ತ್ರವನ್ನೇ ಹೇಳಿದ್ದಾಳೆ. ಮೊದಲ ಎರಡು ತಿಂಗಳು ಮರಿಯ ಜೀವ ಹಾಲಿನಲ್ಲಿದೆ. ಆ ಬಳಿಕ ಅದು ಮೇವನ್ನೂ ಅಷ್ಟಿಷ್ಟು ಧಾನ್ಯವನ್ನೂ ತಿನ್ನತೊಡಗುತ್ತದೆ. ಜಂತುಹುಳುವಿನ ಔಷಧಿಯೂ ಆ ಹೊತ್ತಿಗೆ ಮೊದಲಾಗುತ್ತದೆ. ಐದಾರು ತಿಂಗಳಿಗೆ, ಒಂದೇ ದಿನದಲ್ಲಿ ಕಿತ್ತುಕೊಳ್ಳದೆ, ಮೆಲ್ಲಮೆಲ್ಲನೆ ಹಾಲು ಬಿಡಿಸಬಹುದು.

ಬಂಡಿಯವನನ್ನು ನಿರ್ದಯನೆಂದು ಬಯ್ಯುವುದು ಸುಲಭ. ಆದರೆ ಅವನ ಮನೆಯ ಒಲೆ ಉರಿಯುವುದೂ ಆ ಕುದುರೆಯಿಂದಲೇ. ಎರಡು ತಿಂಗಳು ಅದನ್ನು ನಿಲ್ಲಿಸಿ, ಎಂದಿಗಿಂತ ಎರಡರಷ್ಟು ತಿನ್ನಿಸೆಂದು ಹೇಳಿದರೆ, ಆ ಎರಡು ತಿಂಗಳು ಅವನ ಮಕ್ಕಳು ಏನು ತಿನ್ನಬೇಕು? ಈ ಪ್ರಶ್ನೆಗೆ ಉತ್ತರ ಕೊಡದೆ ದಯೆಯನ್ನು ಬೋಧಿಸುವುದು ನಮಗೆ ಶೋಭಿಸುವುದಿಲ್ಲ. ಗಬ್ಬವಾದಂದೇ ಈಯುವ ತಿಂಗಳು ಗೊತ್ತಾಗುವುದರಿಂದ ಹನ್ನೊಂದು ತಿಂಗಳ ಅವಕಾಶವಿದೆ. ಆ ಅವಧಿಯಲ್ಲಿ ನೆರೆಯವರ ಕುದುರೆಯನ್ನು ಸರದಿಯ ಮೇಲೆ ಹೂಡುವ ಏರ್ಪಾಡನ್ನು ಬಂಡಿಯವರೇ ತಮ್ಮೊಳಗೆ ಮಾಡಿಕೊಳ್ಳಬಹುದು. ಹಬ್ಬದ ದಿನ ಗೋಗ್ರಾಸವಿಟ್ಟು ಉಣ್ಣುವ ಮನೆಗಳು ನಮ್ಮಲ್ಲಿ ಎಷ್ಟೋ ಇವೆ. ಆ ಮನೆಗಳಿಂದ ಬೀದಿಗೊಂದರಂತೆ ಒಂದು ಮೂಟೆ ಹುರುಳಿಯೂ ನಾಲ್ಕು ಹೊರೆ ಕುದುರೆ ಮಸಾಲೆ ಸೊಪ್ಪೂ ಹತ್ತಿರದ ಲಾಯಕ್ಕೆ ಹೋದರೆ ಪುಣ್ಯಕ್ಕೇನೂ ಕೊರತೆಯಾಗದು. ಮರಿಯ ತಾಯಿಯನ್ನು ಹೂಡಿದ ಬಂಡಿ ಎದುರಾದರೆ, ಹತ್ತಬಾರದು. ಆದರೆ ಆ ದಿನದ ಬಾಡಿಗೆಯನ್ನು ಬಂಡಿಯವನ ಕೈಗೆ ಕೊಟ್ಟು, ಕುದುರೆಯನ್ನು ಲಾಯಕ್ಕೆ ಮರಳಿಸೆಂದು ಹೇಳಬೇಕು. ಸರ್ಕಾರದ ಪಶುವೈದ್ಯ ಶಾಲೆ ಎಲ್ಲಿದೆಯೆಂಬುದನ್ನು ಅವನಿಗೆ ತೋರಿಸಿಕೊಡುವುದು ಓದು ಬಲ್ಲ ನಮ್ಮಿಂದ ಆಗಬಹುದಾದ ಕೆಲಸ. ಮೊದಲ ಹಾಲಿನ ಗಡುವು ಒಂದು ಹಗಲು ಒಂದು ಇರುಳು ಮಾತ್ರವೆಂಬ ಒಂದು ಮಾತನ್ನು ಅವನಿಗೆ ತಿಳಿಸಿದರೂ ಒಂದು ಮರಿಯ ಜೀವ ಉಳಿದೀತು.